ಕೆರೆಯಿಂದ ಅಗಸೆಗೆ: ಬೋರ್ಡಿಲ್ಲದ ಊರುಗಳನ್ನು ನಡೆದು ನೋಡುವ ಬಗೆ

ಬೆಂಗಳೂರು, ಮೈಸೂರುಗಳಲ್ಲಿ ಪಾರಂಪರಿಕ ನಡಿಗೆಗೆ ಹೋಗುವವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಳಗ್ಗೆ ಹೇಳಿದ ಜಾಗಕ್ಕೆ ಹೋದರೆ ಗೊತ್ತಿರುವವರು ಮುಂದೆ ನಡೆಯುತ್ತಾರೆ, ನಾವು ಹಿಂದೆ ಹಿಂದೆ ಹೋಗುತ್ತೇವೆ. ಹಂಪಿಯಲ್ಲಂತೂ ಗೈಡು, ನಕ್ಷೆ, ಟಿಕೆಟ್ಟು ಎಲ್ಲ ಇವೆ. ಅದೇ ವಿಜಯನಗರ ಜಿಲ್ಲೆಯಲ್ಲಿ ಹೂವಿನಹಡಗಲಿಗೋ ಕೊಟ್ಟೂರಿಗೋ ಹರಪನಹಳ್ಳಿಗೋ ಬಂದಿಳಿದರೆ ಬಸ್ ಸ್ಟ್ಯಾಂಡಿನ ಮುಂದೆ ಮಿರ್ಚಿ ಕರಿಯುವ ವಾಸನೆ ಬಿಟ್ಟು ದಾರಿ ತೋರುವುದು ಏನೂ ಇರುವುದಿಲ್ಲ. ಹಾಗೆಂದು ನೋಡುವುದಕ್ಕೆ ಕಡಿಮೆ ಇದೆ ಎಂದಲ್ಲ. ಹಂಪಿಯಲ್ಲಿ ವಿಜಯನಗರದ ರಾಜಧಾನಿ ಏಳುವುದಕ್ಕೆ ಮುನ್ನೂರು ವರ್ಷ ಮೊದಲಿನ ಗುಡಿಗಳಲ್ಲಿ ಇಲ್ಲಿ ಇಂದಿಗೂ ದೀಪ ಉರಿಯುತ್ತದೆ. ಅವನ್ನು ನೋಡುವ ದಾರಿಯನ್ನು ಮಾತ್ರ ನಾವೇ ಹಾಕಿಕೊಳ್ಳಬೇಕು.

ಮೊದಲಿಗೆ, ಹುಡುಕುವ ಪುಸ್ತಕದ ವಿಚಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ 2021ರಿಂದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಅದಕ್ಕೂ ಮುಂಚೆ ಇವು ಬಳ್ಳಾರಿ ಜಿಲ್ಲೆಯಲ್ಲಿದ್ದವು. ನಡುವೆ 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ ವಾಪಸು ಬಂತು. 1953ರ ಅಕ್ಟೋಬರ್‌ವರೆಗೆ ಈ ಸೀಮೆಯೆಲ್ಲ ಮದ್ರಾಸಿನದು. ಹಾಗಾಗಿ ಇಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಹಳೇ ಮೈಸೂರಿನ ಕೆಲಸ. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೇ ಸಂಪುಟ ತೆಗೆಯಬೇಕು. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿಗೆಂದೇ ಮೀಸಲಾದ ಸಂಪುಟ ಅದು. ಕನ್ನಡದಲ್ಲೇ ಬೇಕೆಂದರೆ ಹಂಪಿ ಕನ್ನಡ ವಿಶ್ವವಿದ್ಯಾಲಯ ತಂದಿರುವ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟ ಇದೆ. ಗುಡಿಗಳ ನಕ್ಷೆ, ಕಂಬಗಳ ರೇಖಾಚಿತ್ರ ಬೇಕಾದರೆ ಅಲೆಕ್ಸಾಂಡರ್ ರೀ 1896ರಲ್ಲಿ ಹೊರತಂದ 'ಚಾಲುಕ್ಯನ್ ಆರ್ಕಿಟೆಕ್ಚರ್' ಪುಸ್ತಕವನ್ನು ಈಗಲೂ ಯಾವುದೂ ಮೀರಿಸಿಲ್ಲ ಎಂಬುದು ನನ್ನ ಅಭಿಪ್ರಾಯ. ಬಳ್ಳಾರಿ ಸೀಮೆಯ ಗುಡಿಗಳನ್ನೇ ಮುಖ್ಯವಾಗಿ ಇಟ್ಟುಕೊಂಡು ಮಾಡಿದ ಪುಸ್ತಕ ಅದು. ಹೋಗುವ ಹಿಂದಿನ ರಾತ್ರಿ ನಿಮ್ಮ ಊರಿನ ನಾಲ್ಕು ಪುಟ ಓದಿಕೊಂಡರೆ ಸಾಕು.

ಎಲ್ಲಿಂದ ಶುರು ಮಾಡುವುದು ಎಂಬುದು ಮುಂದಿನ ಪ್ರಶ್ನೆ. ಎಲ್ಲರೂ ಗುಡಿಯಿಂದ ಶುರು ಮಾಡುತ್ತಾರೆ. ನಾನಾದರೆ ಕೆರೆಯಿಂದ ಎನ್ನುತ್ತೇನೆ. ಬಯಲುಸೀಮೆಯ ಊರು ನಿಂತಿರುವುದೇ ನೀರಿನ ಮೇಲೆ. ಕೆರೆ ಏರಿಯ ಮೇಲೆ ನಿಂತರೆ ತೂಬು ಎಲ್ಲಿದೆ, ಕೋಡಿ ಯಾವ ಕಡೆ ಬೀಳುತ್ತದೆ, ಗದ್ದೆ ತೋಟ ಯಾವ ಕಡೆ ಇಳಿದಿವೆ ಎಂಬುದು ಕಣ್ಣಿಗೆ ಬೀಳುತ್ತದೆ. ಶಾಸನಗಳಲ್ಲಿ ಗುಡಿಗೆ ಬಿಟ್ಟ ದತ್ತಿ ಎಂದು ಬರುವುದು ಬಹುಪಾಲು ಈ ಕೆರೆಯ ಹಿಂದಿನ ಗದ್ದೆ, ಹೂದೋಟ, ಗಾಣದ ಎಣ್ಣೆ. ಜಾಗ ನೋಡಿಕೊಂಡು ಆಮೇಲೆ ಕಲ್ಲು ಓದಿದರೆ 'ಕೆರೆಯ ಕೆಳಗೆ ಇಷ್ಟು ಮತ್ತರು' ಎಂಬ ನೆಲದಳತೆಯ ಸಾಲಿಗೆ ಅರ್ಥ ಬರುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ನೀರಾವರಿಗೆಂದು ಜನ ಕಟ್ಟಿದ್ದು. ಅದರೊಳಗಿನ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿ, 2024ರಲ್ಲಿ ಅದಕ್ಕೆ ರಾಮ್‌ಸರ್ ತಾಣದ ಮಾನ್ಯತೆಯೂ ಸಿಕ್ಕಿತು. ಹಗರಿಬೊಮ್ಮನಹಳ್ಳಿಯಲ್ಲಿ ಹಳೇ ಪೇಟೆ ಹುಡುಕುತ್ತಾ ಅಲೆಯುವ ಬದಲು ಬೆಳಗಿನ ಹೊತ್ತನ್ನು ಆ ಕೆರೆಗೆ ಕೊಡುವುದು ವಾಸಿ.

ಏರಿಯಿಂದ ಇಳಿದು ಊರಿನ ಕಡೆ ಬರುವಾಗ ನಿಧಾನ ಮಾಡಿ. ಹಳೇ ಊರಿಗೆ ಅಗಸೆ ಬಾಗಿಲಿನಿಂದಲೇ ಪ್ರವೇಶ. ಬಾಗಿಲು ಬಿದ್ದುಹೋಗಿದ್ದರೂ 'ಅಗಸೆ' ಎಂಬ ಹೆಸರು ಉಳಿದಿರುತ್ತದೆ, ಪಕ್ಕದಲ್ಲಿ ಹನುಮಪ್ಪನ ಗುಡಿ ಇರುತ್ತದೆ. ಊರ ನಡುವೆ ಇಲ್ಲವೇ ಅಗಸೆಯ ಹತ್ತಿರ, ಅರ್ಧ ಹೂತ ಗುಂಡುಕಲ್ಲೊಂದು ಕುಂಕುಮ ಹಚ್ಚಿಸಿಕೊಂಡು ಕೂತಿದ್ದರೆ ಅದು ಕರೆಗಲ್ಲು, ಊರು ಕಟ್ಟುವಾಗ ನೆಟ್ಟದ್ದು. ಅದನ್ನು ದಾಟುವ ಮುನ್ನ ಚಪ್ಪಲಿ ಕಡೆ ಒಂದು ಗಮನ ಇರಲಿ. ಅದು ಬರಿಯ ಗುಂಡು ಎಂದು ಅದರ ಮೇಲೆ ಕಾಲಿಟ್ಟರೆ ಊರವರ ಜತೆ ಮುಂದಿನ ಮಾತು ಕಷ್ಟ.

ಗುಡಿ ಗೋಡೆಗೆ ಒರಗಿಸಿಟ್ಟ, ಇಲ್ಲವೇ ಕಟ್ಟೆಗೆ ಹಾಸಿದ ಕೆತ್ತನೆ ಕಲ್ಲುಗಳಲ್ಲಿ ಹೆಚ್ಚಿನವು ವೀರಗಲ್ಲುಗಳು. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ ಇರುತ್ತದೆ. ದನ ಕಾಣಿಸಿದರೆ ತುರುಗೋಳಿನ ಜಗಳ. ಮಧ್ಯದ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಆತ ಲಿಂಗದ ಮುಂದೆ ಕೂತಿರುತ್ತಾನೆ. ಕಂಬದಿಂದ ಹೊರಬಂದ ಬಳೆ ತೊಟ್ಟ ತೋಳು ಕಂಡರೆ ಅದು ಮಾಸ್ತಿಕಲ್ಲು, ಗಂಡನ ಜತೆ ಬೆಂಕಿಗೆ ಹೋದವಳ ಗುರುತು. ಈ ಎರಡನ್ನು ಗುರುತಿಸಲು ಕಲಿತವರಿಗೆ ಈ ಐದೂ ತಾಲ್ಲೂಕಿನಲ್ಲಿ ಬೇಸರವಾಗುವ ಊರೇ ಇಲ್ಲ.

ಇನ್ನು ಗುಡಿ. ಕಟ್ಟಡದ ಕಾಲವನ್ನು ಅಂದಾಜು ಮಾಡುವುದಕ್ಕೆ ಮೊದಲು ಕಲ್ಲಿಗೆ ಕೈ ತಾಗಿಸಿ ನೋಡಬೇಕು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಭಾಗದಲ್ಲಿ ಬಳಸಿದ್ದು ಬಳಪದ ಕಲ್ಲು. ನುಣ್ಣಗೆ, ತಣ್ಣಗೆ, ಹಸಿರುಗಪ್ಪಾಗಿರುತ್ತದೆ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಈ ಮೆದುತನದಿಂದಲೇ ಕಂಬವನ್ನು ತಿರುಗಣಿಗೆ ಹಾಕಿ ಕಡೆಯುವುದಕ್ಕೆ ಆಯಿತು. ಕಂಬದ ಕುತ್ತಿಗೆಯ ಹತ್ತಿರ ಬಳೆಯಂತಹ ಒಂದೇ ಸಮನೆಯ ಗೆರೆಗಳು ಕಂಡರೆ, ಅದು ತಿರುಗಣಿಯ ಕೆಲಸ. ಕೈಗೆ ಗರಗಸದ ಹಾಗೆ ಒರಟಾಗಿ ಹತ್ತುವ ಬಿಳಿ-ಗುಲಾಬಿ ಚುಕ್ಕಿಯ ಕಣಶಿಲೆಯ ಕಂಬ, ಅದರ ಚೌಕಗಳ ಮೇಲೆ ತೆಳುವಾದ ಉಬ್ಬುಗೆತ್ತನೆ ಇದ್ದರೆ ಹೆಚ್ಚಾಗಿ ಅದು ವಿಜಯನಗರದ ಕಾಲಕ್ಕೆ ಸೇರಿದ್ದು. ಒಂದೇ ಗುಡಿಯಲ್ಲಿ ಎರಡೂ ಇರುವುದುಂಟು. ಗರ್ಭಗುಡಿ ಬಳಪದ ಕಲ್ಲು, ಮುಂದಿನ ಮಂಟಪ ಕಣಶಿಲೆ, ಅದಕ್ಕೂ ಮುಂದೆ ಸಿಮೆಂಟಿನ ಚಾವಣಿ. ಸಿಮೆಂಟನ್ನು ನೋಡಿ ಮುಖ ಸಿಂಡರಿಸುವವರನ್ನು ಕಂಡಿದ್ದೇನೆ. ಆ ಸಿಮೆಂಟೂ ಊರವರು ವಂತಿಗೆ ಎತ್ತಿ ಹಾಕಿಸಿದ್ದು. ಸಾವಿರ ವರ್ಷದ ದತ್ತಿಯ ಸಾಲಿನಲ್ಲಿ ಅದೇ ಕೊನೆಯದು.

ಒಳಗೆ ಹೋದವರು ತಲೆ ಎತ್ತಲಿ. ಈ ಕಾಲದ ಗುಡಿಗಳ ನವರಂಗದ ನೆತ್ತಿಯಲ್ಲಿ ಒಂಬತ್ತು ಚೌಕದ ಅಷ್ಟದಿಕ್ಪಾಲಕರ ಹಲಗೆ ಇರುವುದು ಸಾಮಾನ್ಯ. ನಡುವೆ ನಟರಾಜ, ಸುತ್ತ ಎಂಟು ದಿಕ್ಕಿನವರು. ಅವರ ವಾಹನ ನೋಡಿ ದಿಕ್ಕು ಹೇಳಬಹುದು: ಆನೆ ಇಂದ್ರನದು, ಪೂರ್ವ, ಟಗರು ಅಗ್ನಿಯದು, ಕೋಣ ಯಮನದು, ದಕ್ಷಿಣ, ನರನ ಮೇಲೆ ಕೂತವನು ನಿರುತಿ, ಮೊಸಳೆ ವರುಣನದು, ಪಶ್ಚಿಮ, ಜಿಂಕೆ ವಾಯುವಿನದು, ಕುದುರೆ ಕುಬೇರನದು, ಉತ್ತರ, ಎತ್ತು ಈಶಾನನದು. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಇಷ್ಟೇ ಒಂದು ತಾಸಿನ ಆಟ. ಆಮೇಲೆ ಗರ್ಭಗುಡಿಯ ಬಾಗಿಲುವಾಡದ ಮೇಲೆ, ನಟ್ಟ ನಡುವಿನ ಚಿಕ್ಕ ಮೂರ್ತಿ ನೋಡಿ. ಒಳಗೆ ಈಗ ಪೂಜೆಗೊಳ್ಳುವ ದೇವರು ಒಬ್ಬ, ಬಾಗಿಲ ಮೇಲಿನವನು ಇನ್ನೊಬ್ಬ ಎಂದಾದರೆ ಗುಡಿಯ ಇತಿಹಾಸದಲ್ಲಿ ಏನೋ ತಿರುವು ಇದೆ ಎಂದು ಲೆಕ್ಕ. ಗಜಲಕ್ಷ್ಮಿ ಮಾತ್ರ ಎಲ್ಲರ ಬಾಗಿಲಲ್ಲೂ ಇರುತ್ತಾಳೆ, ಅವಳಿಂದ ಏನೂ ತೀರ್ಮಾನಿಸಬೇಡಿ.

ಒಳಗಿನ ಕತ್ತಲೆಗೆ ಎಲ್ಲರೂ ಮೊಬೈಲ್ ಟಾರ್ಚು ಹಿಡಿಯುತ್ತಾರೆ, ಅದೂ ಎದುರಿಗೆ. ಎದುರು ಬೆಳಕಿನಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಒತ್ತಿ, ಪಕ್ಕದಿಂದ ಬೆಳಕು ಹಾಯಿಸಬೇಕು. ಆಗ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ನಿಲ್ಲುತ್ತದೆ. ಇನ್ನೂ ಒಳ್ಳೆಯದು ಬೇಕೆಂದರೆ ಒಂದು ಕನ್ನಡಿ ಒಯ್ಯಿರಿ. ಬಿಸಿಲಲ್ಲಿ ನಿಂತವರು ಬಾಗಿಲಿಂದ ಒಳಕ್ಕೆ ಬಿಸಿಲ ಕೋಲು ತಿರುಗಿಸಿದರೆ ನೆತ್ತಿಯ ಹಲಗೆ ಪೂರ್ತಿ ಬೆಳಗುತ್ತದೆ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಅಕ್ಕಿಹಿಟ್ಟು, ಎಣ್ಣೆ ತೀಡುವುದು ಬೇಡವೇ ಬೇಡ.

ಈಗ ಶಾಸನ. ಹಳಗನ್ನಡ ಲಿಪಿ ಓದಲು ಬಾರದಿದ್ದರೂ ಕಲ್ಲಿನ ಕಟ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಮೇಲ್ತುದಿಯಲ್ಲಿ ಸೂರ್ಯ-ಚಂದ್ರ ಇರುತ್ತವೆ. ಅವು ಇರುವವರೆಗೆ ಈ ದಾನ ನಡೆಯಲಿ ಎಂದು. ಕೆಳಗೆ ಲಿಂಗ, ಪೂಜಿಸುವ ಯತಿ, ಹಾಲೂಡಿಸುವ ಹಸು, ಕೆಲವೆಡೆ ಕತ್ತಿ. ಆಮೇಲೆ ಬರಹ. 'ಸ್ವಸ್ತಿ' ಎಂದು ತೊಡಗಿ ರಾಜನ ಬಿರುದುಗಳು ಸಾಲುಗಟ್ಟಿ ಬರುತ್ತವೆ, ಅವನ ಕೆಳಗಿನ ಸಾಮಂತ, ಅವನು ಆಳುವ ನಾಡು. ಇಲ್ಲಿ ಸಂಖ್ಯೆ ಅಂಟಿದ ಎರಡು ನಾಡಿನ ಹೆಸರು ಪದೇ ಪದೇ ಸಿಗುತ್ತವೆ: ನೊಳಂಬವಾಡಿ 32000 ಮತ್ತು ಕೋಗಳಿ 500. ಆ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಜೈನ ಬಸದಿಗೆ ಹೆಸರಾದದ್ದು. ನಾಡಿನ ಹೆಸರಾದ ಮೇಲೆ ದಿನಾಂಕ, ದಾನದ ವಿವರ, ಕೊನೆಗೆ ಶಾಪ. ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗಲಿ, ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎನ್ನುವ ಧಾಟಿ.

ದಿನಾಂಕ ಬಿಡಿಸುವ ಲೆಕ್ಕ ಸುಲಭ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಶಾಸನದ ತಿಥಿ ಪುಷ್ಯದ ಕೊನೆಗೋ ಮಾಘ, ಫಾಲ್ಗುಣಕ್ಕೋ ಬಿದ್ದಿದ್ದರೆ ಸಾಮಾನ್ಯವಾಗಿ 79. ಆರನೇ ವಿಕ್ರಮಾದಿತ್ಯ ಮಾತ್ರ ಶಕವನ್ನು ಬದಿಗಿಟ್ಟು 1076ರಿಂದ ತನ್ನದೇ ಚಾಳುಕ್ಯ ವಿಕ್ರಮವರ್ಷ ಹೂಡಿದ. ಅದು ಬಂದರೆ 1075 ಕೂಡಿಸಿ. ಸಂವತ್ಸರದ ಹೆಸರು ತಾಳೆಯಾಗುತ್ತದೆಯೇ ನೋಡಲು ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಉಳಿದ ಶೇಷವನ್ನು ಪ್ರಭವದಿಂದ ಎಣಿಸಬೇಕು. ಹಡಗಲಿಯ ಕೇಶವಸ್ವಾಮಿ ಗುಡಿಯ ಕಾಲ 1090. ಅಂದರೆ ಶಕ 1012, ವಿಕ್ರಮವರ್ಷ 15. 1012ಕ್ಕೆ 12 ಸೇರಿ 1024, ಅರವತ್ತರಿಂದ ಭಾಗಿಸಿದರೆ ಶೇಷ 4, ಪ್ರಮೋದೂತ ಸಂವತ್ಸರ. ಮೂರೂ ಕೂಡಿಬಂದರೆ ನಿಮ್ಮ ಓದು ಸರಿ.

ಯಾವ ಊರಲ್ಲಿ ಏನು

ಮೊದಲ ಸಲದವರಿಗೆ ಹೂವಿನಹಡಗಲಿಯೇ ಸರಿ. ಊರೊಳಗೇ ಎರಡು ಚಾಲುಕ್ಯ ಗುಡಿಗಳಿವೆ, ಕಲ್ಲೇಶ್ವರ ಮತ್ತು ಕೇಶವಸ್ವಾಮಿ. ಎರಡನ್ನೂ ಪೇಟೆಯ ಓಣಿಗಳಲ್ಲಿ ನಡೆದೇ ನೋಡಬಹುದು. ಕೇಶವಸ್ವಾಮಿ ಗುಡಿ ಕಟ್ಟಿಸಿದವಳು ರೆಬ್ಬಲದೇವಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಹೆಂಡತಿ. ರಾಜರ ಹೆಸರಿನ ಗುಡಿಗಳ ನಡುವೆ ಹೆಣ್ಣುಮಗಳೊಬ್ಬಳ ಹೆಸರು ಹೇಳುವ ಗುಡಿ ಇದು. ಶಿವನ ಗುಡಿಯನ್ನೂ ವಿಷ್ಣುವಿನ ಗುಡಿಯನ್ನೂ ಒಂದೇ ಬೆಳಗ್ಗೆ ಹೋಲಿಸಿ ನೋಡುವ ಅವಕಾಶ ಇಲ್ಲಿದೆ. ಜತೆಗೆ ಬೆಳಗಿನ ಹೂವಿನ ವ್ಯಾಪಾರ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮೊಗ್ಗು ಬಿರಿಯುವ ಮುಂಚೆ ಮಾರುಕಟ್ಟೆ ಮುಗಿದಿರುತ್ತದೆ.

ಎರಡನೇ ದಿನ ಸಿಕ್ಕರೆ ಅದೇ ತಾಲ್ಲೂಕಿನ ಹಿರೇಹಡಗಲಿ ಮತ್ತು ಕುರುವತ್ತಿ. ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಪಟಗಳು ಕರ್ನಾಟಕದ ಹಳೆಯ ದಾಖಲೆಗಳ ಪೈಕಿ ಬಹು ಮುಖ್ಯವಾದವು. ಪಲ್ಲವರ ಶಿವಸ್ಕಂದವರ್ಮ ಕಾಂಚೀಪುರದಿಂದ ಹೊರಡಿಸಿದ, ಪ್ರಾಕೃತದಲ್ಲಿರುವ ದಾನಪತ್ರ ಅದು. ತುಂಗಭದ್ರೆಯ ಈ ದಡದವರೆಗೆ ಕಂಚಿಯ ಆಣೆ ನಡೆಯುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅಲ್ಲಿನ ಕಲ್ಲೇಶ್ವರನ ಬಾಗಿಲುವಾಡಗಳನ್ನು ನೋಡಿಕೊಂಡು ಕುರುವತ್ತಿಗೆ ಹೋಗಿ. ಮಲ್ಲಿಕಾರ್ಜುನ ಗುಡಿಯ ಕಂಬಗಳಿಗೆ ಆನಿಕೆಯಾಗಿ ನಿಲ್ಲಿಸಿದ ಮದನಿಕೆಯರು ಬೇಲೂರಿನವರಿಗಿಂತ ಹಿರಿಯರು. ಬೇಲೂರು ನೋಡಿ ಬಂದವರು ಇವರ ಮುಂದೆ ಸ್ವಲ್ಪ ಹೊತ್ತು ಹೆಚ್ಚೇ ನಿಲ್ಲಬೇಕು: ಒಡವೆ ಕಡಿಮೆ, ಮೈಯ ಬಳುಕು ಹೆಚ್ಚು. ಗುಡಿಯಿಂದ ಹೊಳೆ ದೂರವಿಲ್ಲ. 1068ರಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ, ಆಹವಮಲ್ಲ ಎಂಬ ಬಿರುದಿನ ದೊರೆ, ವಾಸಿಯಾಗದ ಕಾಯಿಲೆಗೆ ಬೇಸತ್ತು ಜಲಸಮಾಧಿಯಾದದ್ದು ಈ ಕುರುವತ್ತಿಯ ತುಂಗಭದ್ರೆಯಲ್ಲೇ. ಬಿಲ್ಹಣ ತನ್ನ ವಿಕ್ರಮಾಂಕದೇವಚರಿತದಲ್ಲಿ ಅದನ್ನು ವರ್ಣಿಸಿದ್ದಾನೆ.

ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿದೆ. ಹೊರಗೆ ನೋಡಬೇಕಾದ್ದು ಕುರುವತ್ತಿ ಎಂದು ಕೆಲವರು, ಹಂಪಿ ಎಂದು ಕೆಲವರು ಆ ಮಾತನ್ನು ಮುಗಿಸುತ್ತಾರೆ. ಮೊದಲರ್ಧದ ಬಗ್ಗೆ ತಕರಾರಿಲ್ಲ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಒಳಮಾಡಿನ ಕೆತ್ತನೆ ನೋಡಲು ಕುತ್ತಿಗೆ ನೋಯುವಷ್ಟು ಹೊತ್ತು ಬೇಕು. ಹೊರಗೆ ಶಿಖರ ಕರ್ರಗೆ ಜಿಡ್ಡಾಗಿದ್ದರೆ ಅಚ್ಚರಿ ಬೇಡ: ಜಾತ್ರೆಯಲ್ಲಿ ಶಿಖರಕ್ಕೇ ಎಣ್ಣೆಯ ಅಭಿಷೇಕ, ಮೊದಲ ಎಣ್ಣೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರುವ ಪದ್ಧತಿ.

ಉಜ್ಜಿನಿಯಿಂದ ಕೊಟ್ಟೂರು ದೂರವಲ್ಲ. ಕೊಟ್ಟೂರಿನಲ್ಲಿ ನೋಡುವುದು ಶಿಲ್ಪಕ್ಕಿಂತ ಹೆಚ್ಚಾಗಿ ಬೀದಿ. ಇಲ್ಲಿ ಮಠ ಎಂದರೆ ಕೊಟ್ಟೂರೇಶ್ವರನ ಗುಡಿ: ಹಿರೇಮಠ, ತೊಟ್ಟಿಲುಮಠ, ಗಚ್ಚಿನಮಠ, ಮೂರುಕಲ್ಲುಮಠ. ಭಕ್ತರು ಇವನ್ನು ಒಂದಾದ ಮೇಲೊಂದು ಸುತ್ತುತ್ತಾರೆ. ಅದೇ ನಿಮ್ಮ ದಾರಿ, ಬೇರೆ ನಕ್ಷೆ ಬೇಡ. ಯಾರಾದರೂ ಕಾಯಿ-ಕರ್ಪೂರ ಹಿಡಿದು ಹೊರಟಿದ್ದರೆ ಅವರ ಹಿಂದೆ ನಡೆಯಿರಿ. ಪಂಚಗಣಾಧೀಶ್ವರರು ಎನ್ನುವ ಐವರು ಶರಣರಲ್ಲಿ ಕೊಟ್ಟೂರೇಶ್ವರ ಒಬ್ಬ. ಉಳಿದವರು ಹರಪನಹಳ್ಳಿಯ ಕೆಂಪೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರ. ಈ ಅರಸೀಕೆರೆ ಹಾಸನದ್ದಲ್ಲ, ಹರಪನಹಳ್ಳಿ ತಾಲ್ಲೂಕಿನದು. ಬಸ್ ಕೇಳುವಾಗ ಜ್ಞಾಪಕ ಇರಲಿ. ಕೊಟ್ಟೂರೇಶ್ವರನ ಮಾಘದ ರಥೋತ್ಸವಕ್ಕೆ ದಾವಣಗೆರೆಯಿಂದಲೇ ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ಆ ದಿನಗಳಲ್ಲಿ ಜಾತ್ರೆ ನೋಡಬಹುದು, ಊರು ನೋಡಲಾಗದು. ಭಾರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಜಾತ್ರೆಯ ಕಾರಣಿಕ, ಅಂದರೆ ಭವಿಷ್ಯದ ನುಡಿ, ಇರುವುದರಿಂದ ಹಡಗಲಿ ಕಡೆಯ ಬಸ್ಸುಗಳಿಗೂ ಇದೇ ಮಾತು.

ಹರಪನಹಳ್ಳಿ ಪಾಳೆಯಗಾರರ ಊರು. ವಿಜಯನಗರ ಬಿದ್ದ ಮೇಲಿನ ಕಾಲದಲ್ಲಿ ದಾದಯ್ಯ ನಾಯಕನಿಂದ ಆ ಮನೆತನದ ಆಳ್ವಿಕೆ ಶುರುವಾಯಿತು. ಕೋಟೆ ಬಹುಪಾಲು ಊರಿನೊಳಗೆ ಕರಗಿಹೋಗಿದೆ. ಅದನ್ನು ಹುಡುಕುವ ಕ್ರಮ ಬೇರೆ: ಕಾರಣವಿಲ್ಲದೆ ಬಳಸಿಕೊಂಡು ಹೋಗುವ ಓಣಿ, ಮನೆಯ ಹಿಂದೆ ಗಾರೆಯಿಲ್ಲದೆ ಕೂರಿಸಿದ ದಪ್ಪ ಕಲ್ಲಿನ ಸಾಲು, ತಗ್ಗಿನಲ್ಲಿ ನೀರು ನಿಂತ ಹಳೇ ಕಂದಕ, ಇವನ್ನು ಜೋಡಿಸುತ್ತಾ ಹೋಗಬೇಕು. ಕೋಟೆ ಪ್ರದೇಶದಲ್ಲಿ ಜೈನ ಬಸದಿಯೂ ಇದೆ. ಹರಿದಾಸ ಪರಂಪರೆಯ ಹರಪನಹಳ್ಳಿ ಭೀಮವ್ವ (1823–1903) 'ಭೀಮೇಶಕೃಷ್ಣ' ಅಂಕಿತದಲ್ಲಿ ಹಾಡುಗಳನ್ನು ಕಟ್ಟಿದ್ದು ಈ ಊರಿನ ಸೊಸೆಯಾಗಿ. ಹಳೇ ಓಣಿಗಳಲ್ಲಿ ಮಣ್ಣಿನ ಮಾಳಿಗೆ ಮನೆ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ: ಒಳಹೊಕ್ಕರೆ ಮೊದಲು ದನದ ಗ್ವಾದಲಿ, ಎರಡು ಮೆಟ್ಟಿಲು ಮೇಲೆ ಪಡಸಾಲೆ, ಸಾಲು ಜಂತಿ, ನೆತ್ತಿಯಲ್ಲಿ ಬೆಳಕಿಂಡಿ. ಯಾರಾದರೂ ಕರೆದರೆ ಮಾತ್ರ ಒಳಗೆ ಹೋಗಿ, ಚಾ ಕೊಟ್ಟರೆ ಬೇಡ ಎನ್ನಬೇಡಿ.

ತಾಲ್ಲೂಕಿನ ಬಾಗಳಿಗೆ ಅರ್ಧ ದಿನ ಇಡಿ. ಕಲ್ಲೇಶ್ವರ ಗುಡಿಯ ಸಭಾಮಂಟಪದಲ್ಲಿ 50 ಕಂಬಗಳು, ಒಂದರ ಹಾಗೆ ಇನ್ನೊಂದಿಲ್ಲ ಎನ್ನುವಷ್ಟು ಬಗೆ. ರಾಷ್ಟ್ರಕೂಟರ ಕೊನೆಗಾಲಕ್ಕೆ ಶುರುವಾಗಿ ಚಾಲುಕ್ಯರ ಇಮ್ಮಡಿ ತೈಲಪನ ಕಾಲಕ್ಕೆ, ಸುಮಾರು 987ರಲ್ಲಿ, ದುಗ್ಗಿಮಯ್ಯನ ಕೈಯಲ್ಲಿ ರೂಪುಗೊಂಡ ಗುಡಿ ಎನ್ನುತ್ತಾರೆ. ಇಲ್ಲಿ ಸಿಕ್ಕ ಶಾಸನಗಳು 36. ಮೇಲೆ ಹೇಳಿದ ಲೆಕ್ಕ ಮಾಡಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಚ್ಚಂಗಿದುರ್ಗ ಹತ್ತುವುದಾದರೆ ಅದಕ್ಕೇ ಬೇರೆ ದಿನ ಇಡಬೇಕು, ಬಿಸಿಲೇರುವ ಮುಂಚೆ. ಹೊಯ್ಸಳ ದೊರೆಗಳು 'ಉಚ್ಚಂಗಿಗೊಂಡ' ಎಂದು ಬಿರುದು ಹೊತ್ತದ್ದು ಯಾಕೆ ಎಂಬುದು ಅರ್ಧ ದಾರಿಯಲ್ಲೇ ಮೊಣಕಾಲಿಗೆ ತಿಳಿಯುತ್ತದೆ.

ಕೂಡ್ಲಿಗಿಗೆ ಬಂದವರು ಗಾಂಧೀಜಿಯ ಚಿತಾಭಸ್ಮ ಇರಿಸಿದ ಸ್ಮಾರಕ ನೋಡಿ ಗುಡೇಕೋಟೆಗೆ ಹೊರಡುವುದು ರೂಢಿ. ಒನಕೆ ಓಬವ್ವನ ತವರು ಎನ್ನುವ ಊರದು. ಸುತ್ತಲಿನ ಗುಡ್ಡ ಕರಡಿಧಾಮ. ಸಂಜೆಯ ಮೇಲೆ ಕೋಟೆಯ ಬಂಡೆಗಳ ನಡುವೆ ಅಡ್ಡಾಡುವುದು ಜಾಣತನವಲ್ಲ.

ಕೀಲಿ, ಹೊತ್ತು, ಕಾಯಿದೆ

ಇಲ್ಲಿ ನಡಿಗೆ ಕೆಡುವುದು ದೂರದಿಂದಲ್ಲ, ಕೀಲಿಯಿಂದ. "ಅಜ್ಜಾ, ಗುಡಿ ಕೀಲಿ ಯಾರತ್ರ ಐತ್ರಿ?" ಎಂದರೆ "ಪೂಜಾರಪ್ಪ ಹೊಲಕ್ಕ ಹೋಗ್ಯಾನ, ತಾಸು ಬಿಟ್ಟು ಬರ್ರಿ" ಎನ್ನುವ ಉತ್ತರ ಬರುತ್ತದೆ. ಬೆಳಗಿನ ಪೂಜೆಯ ಹೊತ್ತಿಗೆ ಗುಡಿ ಮುಟ್ಟಿದರೆ ಈ ಪಾಡಿಲ್ಲ. ನವೆಂಬರಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಮೇಲೆ ಹನ್ನೊಂದಕ್ಕೆ ಬರಿಗಾಲಲ್ಲಿ ಗುಡಿಯ ಹಾಸುಗಲ್ಲು ಮೆಟ್ಟಲಾಗದು, ಕಾಲುಚೀಲ ಇಟ್ಟುಕೊಳ್ಳಿ. ಹೊಸಪೇಟೆ–ಹರಿಹರ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟುತ್ತದೆ. ಹಡಗಲಿಗೂ ಕೂಡ್ಲಿಗಿಗೂ ಬಸ್ಸೇ. ದಿನಕ್ಕೆ ಒಂದು ಊರು, ಜತೆಗೆ ಹೆಚ್ಚೆಂದರೆ ಒಂದು ಹಳ್ಳಿ. ಒಂದೇ ದಿನ ಆರು ಗುಡಿ ಮುಗಿಸಿದವರಿಗೆ ಕೊನೆಗೆ ನೆನಪಿರುವುದು ಕಾರಿನ ಸೀಟು.

ಗುಡಿಯ ಮುಂದಿನ ನೀಲಿ ಹಲಗೆ ಕೇಂದ್ರ ಪುರಾತತ್ವ ಇಲಾಖೆಯದಾದರೆ 1958ರ ಕಾಯಿದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಗುಡಿಯ ಪಕ್ಕದ ಮನೆಯವರು ನಿಮ್ಮ ಕ್ಯಾಮೆರಾ ಕಂಡು "ಸರ್ವೇದವರೇನ್ರಿ?" ಎಂದು ಬಿಗಿಯಾಗಿ ಕೇಳುವುದು ಇದರಿಂದ. ಸುಮ್ಮನೆ ನೋಡಲು ಬಂದವರು ಎಂದು ಮೊದಲೇ ಹೇಳಿಬಿಡಿ. ಮೊಬೈಲಿನಲ್ಲಿ ಹೊರಗಿನ ಚಿತ್ರ ತೆಗೆಯಲು ಅಡ್ಡಿಯಿಲ್ಲ, ಟ್ರೈಪಾಡಿಗೆ ಅನುಮತಿ ಬೇಕು. ಗರ್ಭಗುಡಿಯ ಚಿತ್ರ ಪೂಜಾರರನ್ನು ಕೇಳಿ.

ಪುಸ್ತಕಗಳಲ್ಲಿ ಇರದ ಕಲ್ಲು ಕಣ್ಣಿಗೆ ಬೀಳುವುದು ಇಲ್ಲಿ ಅಪರೂಪವಲ್ಲ. ಹೊಲದ ಬದು, ಬಾವಿಕಟ್ಟೆ, ಬಚ್ಚಲಿನ ಹಾಸುಗಲ್ಲು, ಎಲ್ಲಿ ಬೇಕಾದರೂ ಇರುತ್ತದೆ. ಅದನ್ನು ಕದಲಿಸಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಪೂರ್ತಿ ಕಲ್ಲಿನ ಒಂದು ಚಿತ್ರ, ಸಾಲು ಸಾಲಾಗಿ ಹತ್ತಿರದ ಚಿತ್ರ, ಜಾಗದ ಒಂದು ಚಿತ್ರ ತೆಗೆದು, ಊರು-ಓಣಿ-ಹೊಲದ ಗುರುತು ಬರೆದುಕೊಳ್ಳಿ. ಹೊಲದ ಯಜಮಾನರಿಗೆ ತಿಳಿಸಿಯೇ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನಶಾಸ್ತ್ರ ವಿಭಾಗಕ್ಕೋ ರಾಜ್ಯ ಪುರಾತತ್ವ ಇಲಾಖೆಗೋ ಕಳಿಸಿ. ಕಲ್ಲಿನ ಕೆಳಗೆ ನಿಧಿ ಇದೆ ಎಂಬ ಮಾತು ಹಳ್ಳಿಯಲ್ಲಿ ಬೇಗ ಹಬ್ಬುತ್ತದೆ. ಹಾಗೆ ಕಿತ್ತು ಒಡೆದ ವೀರಗಲ್ಲುಗಳು ಬೇಕಾದಷ್ಟಿವೆ. ಆದ್ದರಿಂದ ಓದು ಮುಗಿದು ಕಲ್ಲಿಗೆ ರಕ್ಷಣೆ ಸಿಗುವವರೆಗೆ ಜಾಗದ ಗುರುತನ್ನು ಫೇಸ್‌ಬುಕ್ಕಿಗೆ ಹಾಕದಿರುವುದು ಒಳ್ಳೆಯದು.